ಜಗಲಿಯ ಮಾತು: ಗಾಳಕ್ಕೊಬ್ಬ ಪೋಷಕ

ಕಳೆದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿಯನ್ನು ಕುರಿತು ನಾವು ಬರೆದುದಕ್ಕೆ ಬಂದ ಕಾಗದಗಳನ್ನು ಓದುತ್ತ ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತಿದ್ದೆವು. ಗೇಟಿನ ಬಳಿ ಒಬ್ಬ ತರುಣ ಆಳೆತ್ತರದ ಬಿಳಿಯ ಕೊಳವೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಮೂರು ದಿನದಿಂದ ನಮ್ಮ ಬಚ್ಚಲಿನ ನೀರು ಹೊರಗೆ ಹೋಗದೆ ನಿಂತಿತ್ತು. ನಲ್ಲಿ ರಿಪೇರಿಯವನಿಗೆ ಹೇಳಿಕಳುಹಿಸಿದ್ದೆವು. ಆದುದರಿಂದ ನಾವು ಕಾಗದದಿಂದ ಕಣ್ಣೆತ್ತದೆಯೇ, ಹಿತ್ತಲ ಕಡೆಯಿಂದ ಬಾ ಎಂದು ನಮ್ಮ ಹರಕು ಹಿಂದಿಯಲ್ಲಿ ಅಪ್ಪಣೆ ಕೊಟ್ಟೆವು. ಅವನು ಅಚ್ಚ ಕನ್ನಡದಲ್ಲಿ, "ಕಾಕಾ, ನಾನು. ರೈಲ್ವೆಯಲ್ಲಿದ್ದ ಹೊನ್ನಾವರದವರ ಮಗ" ಎಂದ.

ನಾಗಪುರದಲ್ಲಿ ಹುಟ್ಟಿದ ನಮ್ಮವರ ಮಕ್ಕಳಿಗೆಲ್ಲ ನಾವು ಕಾಕಾ, ನಮ್ಮ ಮನೆಯವರು ಕಾಕೂ. ಊರು ಧಾರವಾಡವೋ ಕುಂದಾಪುರವೋ ಎಂದು ಆ ಮಕ್ಕಳು ನೋಡುವುದಿಲ್ಲ. ಈ ಹುಡುಗನನ್ನು ಚಡ್ಡಿ ಹಾಕಿದ್ದಾಗಿನಿಂದ ಬಲ್ಲೆವು. ರಾಜ್ಯೋತ್ಸವದ ನಾಟಕದಲ್ಲಿ ಒಮ್ಮೆ ಮರದ ಪಾತ್ರ ಮಾಡಿದ್ದ. ಈಗ ಮಿಹಾನ್ ಕಡೆಯ ಒಂದು ಕಂಪನಿಯಲ್ಲಿ ನೌಕರಿ.

ಕೊಳವೆಯ ಮುಚ್ಚಳ ತೆಗೆದ. ಒಳಗಿನಿಂದ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಎರಡು ಗಾಳದ ಕೋಲುಗಳು ಹೊರಬಂದವು. ರೈಲಿನಲ್ಲಿ ಒಯ್ಯುವಾಗ ಮುರಿಯಬಾರದೆಂದು ನೀರಿನ ಪೈಪನ್ನೇ ಕೊಂಡು ಚೀಲ ಮಾಡಿಕೊಂಡಿದ್ದನಂತೆ. ಭಾನುವಾರಗಳಲ್ಲಿ ಇವನು ಮೀನು ಹಿಡಿಯಲು ಹೋಗುತ್ತಾನೆಂದು ಕೇಳಿದ್ದೆವು. ಅದು ಪಂದ್ಯದವರೆಗೂ ಬೆಳೆದಿದೆ ಎಂದು ತಿಳಿದಿರಲಿಲ್ಲ. ಮಂಗಳೂರಿನ ಕಡೆ ಕಡಲದಂಡೆಯಲ್ಲಿ ಎರಡು ದಿನದ ಗಾಳದ ಪಂದ್ಯವೊಂದಿದೆ, ಹೋಗಬೇಕು, ಆದರೆ ಕೈಯಲ್ಲಿ ಅಷ್ಟು ಹಣವಿಲ್ಲ, ಯಾರಾದರೂ ಸ್ಪಾನ್ಸರ್ ಮಾಡಿದರೆ ಆದೀತು, "ನೀವು ಬರೆಯುವವರು, ಒಂದು ಪತ್ರ ಬರೆದುಕೊಡಬೇಕು" ಎಂದ.

ನಾವು ಮೀನು ತಿನ್ನದ ಮನೆತನದವರು. ಮೀನಿನ ವಿಷಯದಲ್ಲಿ ನಮ್ಮ ಜ್ಞಾನವೆಲ್ಲ ದಶಾವತಾರದ ಮೊದಲನೆಯ ಅವತಾರಕ್ಕೆ ಮುಗಿಯುತ್ತದೆ. ಆದರೂ "ನೀವು ಬರೆಯುವವರು" ಎಂದು ಯಾರಾದರೂ ಅಂದುಬಿಟ್ಟರೆ ನಮಗೆ ಹಿಂದುಮುಂದು ಕಾಣುವುದಿಲ್ಲ. ಬರೆದುಕೊಟ್ಟೆವು. "ಉದಯೋನ್ಮುಖ ಕ್ರೀಡಾಪಟುವೂ ಸದ್ಗುಣಸಂಪನ್ನನೂ ಆದ ಈ ತರುಣನಿಗೆ ತಾವು ಯಥಾಶಕ್ತಿ ಉದಾರ ಸಹಾಯಹಸ್ತವನ್ನು ನೀಡಿ ಪ್ರೋತ್ಸಾಹಿಸಬೇಕಾಗಿ" ಎಂದು ಒಂದೂವರೆ ಪುಟ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹದಿನಾಲ್ಕು ಅಂಗಡಿ, ಕಂಪನಿ, ಬ್ಯಾಂಕುಗಳಿಗೆ ಕಳುಹಿಸಿದ.

ಉತ್ತರ ಬಂದದ್ದು ಎರಡು. ಒಂದು ಹೋಟೆಲಿನವರು, ವಾರಕ್ಕೆ ಎಷ್ಟು ಕಿಲೋ ಮೀನು ಒದಗಿಸಬಲ್ಲಿರಿ, ದರವೇನು ಎಂದು ಕೇಳಿದ್ದರು. ಇನ್ನೊಂದು ದೊಡ್ಡ ಕಂಪನಿಯದು. ತಮ್ಮ ಸಾಮಾಜಿಕ ಹೊಣೆಯ ನಿಧಿಯಿಂದ ಇಂಥದಕ್ಕೆ ಹಣ ಕೊಡಲು ಬರುವುದಿಲ್ಲವೆಂದು ಮರ್ಯಾದೆಯಿಂದ ತಿಳಿಸಿತ್ತು. ಆಗ ನಮಗೆ ಸಿಟ್ಟು ಬಂದದ್ದು ನಿಜ. ಆಮೇಲೆ ನಮ್ಮ ಸಂಘದ ಚಾರ್ಟರ್ಡ್ ಅಕೌಂಟೆಂಟ್ ಮಿತ್ರರು ಬಿಡಿಸಿ ಹೇಳಿದರು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕೋಪಕಾರಕ್ಕೆ ತೆಗೆದಿಡಬೇಕು. ಅದರ ಏಳನೆಯ ಅನುಸೂಚಿಯಲ್ಲಿ ಕ್ರೀಡೆಯೂ ಉಂಟು. ಆದರೆ ಅಲ್ಲಿ ಹೇಳಿರುವುದು ಗ್ರಾಮೀಣ ಕ್ರೀಡೆ, ರಾಷ್ಟ್ರಮಾನ್ಯತೆ ಪಡೆದ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯ ಮಾತು. ಮೇಲಾಗಿ 2021ರ ತಿದ್ದುಪಡಿಯ ಪ್ರಕಾರ, ತಮ್ಮ ಸರಕಿನ ಪ್ರಚಾರವಾಗಲೆಂದು ಕೊಡುವ ಪ್ರಾಯೋಜಕತ್ವದ ಹಣವನ್ನು ಆ ಲೆಕ್ಕಕ್ಕೆ ಸೇರಿಸುವಂತೆಯೇ ಇಲ್ಲ. ಅಂಗಿಯ ಮೇಲೆ ಹೆಸರು ಹಾಕಿಕೊಳ್ಳುತ್ತೇನೆ ಎಂದು ಹೇಳಿ ದಾನದ ಪೆಟ್ಟಿಗೆಗೆ ಕೈಹಾಕಿದರೆ ಏನಾಗಬೇಕೋ ಅದೇ ಆಗಿತ್ತು. ಕೇಳಬೇಕಾದದ್ದು ಜಾಹೀರಾತಿನ ಖಾತೆ ನೋಡುವವರನ್ನು. ನಾವು ತಪ್ಪು ಬಾಗಿಲು ಬಡಿದಿದ್ದೆವು. ವಾಚಕರಲ್ಲಿ ಯಾರಾದರೂ ಮಕ್ಕಳ ಆಟಕ್ಕಾಗಿ ಕಂಪನಿಗಳಿಗೆ ಬರೆಯುವವರಿದ್ದರೆ ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಅಂಚೆ ವೆಚ್ಚ ಉಳಿದೀತು.

ಇಲ್ಲಿ ಶಬ್ದದ ತೊಡಕೂ ಒಂದಿದೆ. ನಮ್ಮ ಕಾಲದವರು ಆಶ್ರಯ ಎನ್ನುತ್ತಿದ್ದೆವು, ಪೋಷಕರು ಎನ್ನುತ್ತಿದ್ದೆವು. ಈಗ ಪತ್ರಿಕೆಗಳಲ್ಲಿ ಪ್ರಾಯೋಜಕ. ಆಶ್ರಯವೆಂದರೆ ನೆರಳು, ಮರ ಬಾಡಿಗೆ ಕೇಳುವುದಿಲ್ಲ. ಪ್ರಾಯೋಜಕ ಎಂಬಲ್ಲಿ ಪ್ರಯೋಜನ ಅಡಗಿ ಕುಳಿತಿದೆ. ನಾವು ಆಶ್ರಯದ ಭಾಷೆಯಲ್ಲಿ ಪ್ರಾಯೋಜಕರಿಗೆ ಬರೆದಿದ್ದೆವು.

ಗಾಳ ಹಾಕುವುದು ನಮ್ಮ ನಾಡಿಗೆ ಹೊಸದೇನಲ್ಲ. ಈಗ ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಯಾವ ಮೀನು ಯಾವ ನೀರಿನಲ್ಲಿರುತ್ತದೆ, ಅದಕ್ಕೆ ಏನನ್ನು ತಿನ್ನಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ಅಲ್ಲಿ ಹೇಳಿದೆ. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು. ಅರಸನಿಗೆ ಪ್ರಾಯೋಜಕರ ಚಿಂತೆಯಿರಲಿಲ್ಲ ಎಂಬುದು ಬೇರೆ ಮಾತು. ಆಮೇಲೆ ಬ್ರಿಟಿಷರ ಕಾಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರು ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದರು. ಅದು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಹಿಡಿದರು. ಪ್ರಾಣಿಗಳ ಚರ್ಮಕ್ಕೆ ಹದ ಹಾಕಿ ನಿಲ್ಲಿಸುವುದರಲ್ಲಿ ಪ್ರಸಿದ್ಧರಾದ ಮನೆತನ ಅದು. ಗಾಳದವರು ಈಗಲೂ ಆ ತೂಕವನ್ನು ಮಂತ್ರದಂತೆ ಹೇಳುತ್ತಾರೆ. ಇವರೆಲ್ಲ ಸಂಬಳವೋ ಸಿರಿಯೋ ಇದ್ದವರು, ಬಿಡುವಿದ್ದವರು. ತಿಂಗಳ ಕೊನೆಗೆ ಮನೆಬಾಡಿಗೆ ಎಣಿಸುವವನು ಇದೇ ಆಟಕ್ಕೆ ಇಳಿದಾಗಲೇ ಪೋಷಕನ ಪ್ರಶ್ನೆ ಬರುವುದು.

ಇರಲಿ. ಹದಿನಾಲ್ಕು ಕಾಗದಗಳೂ ಹಾಗಾದ ಮೇಲೆ ಹುಡುಗ ನಮ್ಮ ಸಂಘಕ್ಕೇ ಅರ್ಜಿ ಕೊಟ್ಟ. ಹತ್ತು ಸಾವಿರ ರೂಪಾಯಿ ಕೇಳಿದ್ದ. ಕಾರ್ಯಕಾರಿ ಸಮಿತಿಯಲ್ಲಿ ನಾವೂ ಒಬ್ಬರು. ಅಂದಿನ ಸಭೆಯ ವಿಷಯವನ್ನು ಬರೆಯುವುದಕ್ಕೆ ನಮಗೆ ಸಂಕೋಚವಾಗುತ್ತದೆ, ಆದರೂ ಬರೆಯುತ್ತೇವೆ.

ಮೊದಲು ಬಂದದ್ದು ಹಿಂಸೆಯ ಮಾತು. ಕನ್ನಡ ಸಂಘದ ಹಣ ಮೀನು ಹಿಡಿಯುವುದಕ್ಕೆ ಹೋಗಬೇಕೆ ಎಂದು ಒಬ್ಬ ಹಿರಿಯರು ಕೇಳಿದರು. ಕರಾವಳಿಯ ಒಬ್ಬ ಸದಸ್ಯರು, ನಾವು ಚಂದಾ ಕೊಡುವಾಗ ನಮ್ಮ ಮೀನಿನ ವಾಸನೆ ಸಂಘಕ್ಕೆ ಬರುವುದಿಲ್ಲವೋ ಎಂದು ತಿರುಗಿ ಕೇಳಿದರು. ಗದ್ದಲವಾಯಿತು. ಅದು ತಗ್ಗಿದ ಮೇಲೆ ಕಾರ್ಯದರ್ಶಿಗಳು, ಈ ಪಂದ್ಯಗಳಲ್ಲಿ ಮೀನನ್ನು ಅಳೆದು, ಭಾವಚಿತ್ರ ತೆಗೆದು, ಜೀವಂತವಾಗಿ ನೀರಿಗೇ ಬಿಡುತ್ತಾರೆ ಎಂದು ಅರ್ಜಿಯಿಂದ ಓದಿದರು. "ಬಿಡುವುದಾದರೆ ಹಿಡಿಯುವುದೇಕೆ?" ಎಂದು ಖಜಾಂಚಿಗಳು ಕೇಳಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆ ಪ್ರಶ್ನೆಗೆ ಉತ್ತರವಿತ್ತು, ಮತ್ತು ಅದು ನಮಗೆ ಗೊತ್ತಿತ್ತು. ಹಿಂದಿನ ಭಾನುವಾರವೇ ಹುಡುಗ ಹೇಳಿದ್ದ. ಕಾವೇರಿಯ ದೊಡ್ಡ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ತೀರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ನದಿಗೆ ಸಿಡಿಮದ್ದು ಎಸೆದು ಒಂದೇ ಏಟಿಗೆ ಮರಿಗಳ ಸಮೇತ ಮೀನು ತೇಲಿಸುವವರು ಒಂದು ಕಡೆ, ಅಣೆಕಟ್ಟು, ಮರಳು ತೆಗೆಯುವುದು, ಕೊಳಚೆ ಇನ್ನೊಂದು ಕಡೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳಿದ್ದ ಕಾಲದಲ್ಲಿ, ಹಿಡಿದ ಮೀನನ್ನು ಬಿಡಲೇಬೇಕೆಂಬ ನಿಯಮವಿತ್ತು. ಮೊದಲು ಕಳ್ಳತನದಲ್ಲಿ ಮೀನು ಹೊಡೆಯುತ್ತಿದ್ದ ಹಳ್ಳಿಗರಲ್ಲಿ ಕೆಲವರು ಅಲ್ಲಿಯೇ ದಾರಿತೋರುವವರಾಗಿ ಸಂಬಳಕ್ಕೆ ಸೇರಿ ಅದೇ ಮೀನನ್ನು ಕಾಯುತ್ತಿದ್ದರು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘದವರೂ ಕೊಡಗಿನ ವನ್ಯಜೀವಿ ಸಂಘದವರೂ ನದಿಯ ತುಂಡುಗಳನ್ನು ಗುತ್ತಿಗೆ ಹಿಡಿದು ಕಾವಲಿಟ್ಟವರು. ಕಾವೇರಿ ವನ್ಯಧಾಮದೊಳಗೆ ಈಗ ಗಾಳಕ್ಕೆ ಅನುಮತಿಯಿಲ್ಲ. ಅದು ಸರಿಯೋ ತಪ್ಪೋ ಎಂದು ಬಲ್ಲವರಲ್ಲಿಯೇ ವಾದವಿದೆ. ಮೀನಿಗೆ ನೋವಿಲ್ಲವೆಂದು ನಾವು ಹೇಳಲಾರೆವು. ಮುಳ್ಳಿಲ್ಲದ ಕೊಕ್ಕೆ ಬಳಸಬೇಕು, ಒಣಗೈಯಲ್ಲಿ ಮುಟ್ಟಬಾರದು, ಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ಹಿಡಿಯುತ್ತದೆ, ನೀರಿನ ಹೊರಗೆ ಕೆಲವು ಕ್ಷಣಕ್ಕಿಂತ ಹೆಚ್ಚು ಇಡಬಾರದು ಎಂದು ಹುಡುಗ ನಮ್ಮ ಜಗಲಿಯಲ್ಲಿ ಸೌತೆಕಾಯಿಯೊಂದನ್ನು ಹಿಡಿದು ತೋರಿಸಿದ್ದ.

ಇಷ್ಟನ್ನು ಎದ್ದು ಹೇಳಲು ಎರಡು ನಿಮಿಷ ಸಾಕಾಗಿತ್ತು. ನಾವು ಹೇಳಲಿಲ್ಲ. ಖಜಾಂಚಿಗಳು ನಮ್ಮ ಹಳೆಯ ಸ್ನೇಹಿತರು, ಊಟದ ಹೊತ್ತಾಗಿತ್ತು. "ರಾಜ್ಯೋತ್ಸವದ ಖರ್ಚು ಮುಗಿದ ಮೇಲೆ ನೋಡೋಣ" ಎಂದು ಠರಾವಾಯಿತು. ಪಂದ್ಯವಿದ್ದದ್ದು ಅದಕ್ಕೂ ಮೊದಲು. ಹೊರಗೆ ಬಂದಾಗ ಹುಡುಗ ಮೆಟ್ಟಿಲ ಮೇಲೆ ಕುಳಿತಿದ್ದ. ಕಿಟಕಿ ತೆರೆದಿತ್ತು. ನಗು ಅವನಿಗೆ ಕೇಳಿಸಿರಬೇಕು. ಎದ್ದು ನಿಂತು, "ಬರ್ತೇನೆ ಕಾಕಾ" ಎಂದಷ್ಟೇ ಹೇಳಿ ಹೋದ.

ಅದಾದ ಹತ್ತು ದಿನಕ್ಕೆ ಮತ್ತೆ ಬಂದ. ಒಬ್ಬ ವ್ಯಾಪಾರಿ ಪೂರ್ತಿ ಹಣ ಕೊಡಲು ಒಪ್ಪಿದ್ದಾನೆ, ಹೊಸ ರೀಲು ಕೂಡ ಕೊಡಿಸುತ್ತಾನೆ. ಅಂಗಿಯ ಎದೆಯ ಮೇಲೂ ಬೆನ್ನ ಮೇಲೂ ಅವನ ಸುಗಂಧ ಅಡಿಕೆಯ ಹೆಸರಿರಬೇಕು. ಅದೇ ಹೆಸರಿನಲ್ಲಿ ಆ ವ್ಯಾಪಾರಿ ಇನ್ನೇನು ಮಾರುತ್ತಾನೆಂಬುದು ಊರಿಗೆಲ್ಲ ಗೊತ್ತು. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ಮಾರಾಟಕ್ಕೆ ನಿಷೇಧವಿದೆ. 2003ರ ಕಾಯಿದೆಯಂತೆ ತಂಬಾಕಿನ ಹೆಸರಿನಲ್ಲಿ ಪ್ರಾಯೋಜಕತ್ವವೂ ಕೂಡದು. ಆದುದರಿಂದಲೇ ಅಡಿಕೆಯ ವೇಷ. "ಏನು ಮಾಡಲಿ ಕಾಕಾ?" ಎಂದು ಕೇಳಿದ.

ಸಭೆಯಲ್ಲಿ ಬಾಯಿ ಬಿಡದ ಪಾಪಕ್ಕೆ ಪರಿಹಾರವೆಂಬಂತೆ ನಾವು ಕೂಡಲೇ, "ತೆಗೆದುಕೊಳ್ಳಪ್ಪಾ. ಕ್ರಿಕೆಟಿನವರೇ ಸಿಗರೇಟು ಕಂಪನಿಯ ಹೆಸರು ಎದೆಯ ಮೇಲೆ ಹಾಕಿಕೊಂಡು ಆಡಲಿಲ್ಲವೆ?" ಎಂದೆವು. ಸುಳ್ಳೇನಲ್ಲ. 1996ರ ವಿಶ್ವಕಪ್ಪಿಗೆ ವಿಲ್ಸ್ ಹೆಸರೇ ಇತ್ತು. ಐಟಿಸಿಯವರು ಕ್ರಿಕೆಟಿನಿಂದ ಹಿಂದೆ ಸರಿದದ್ದು 2001ರಲ್ಲಿ. ಒಳಗಿನಿಂದ ಕಾಫಿ ತಂದ ನಮ್ಮ ಮನೆಯವರು ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟರು. "ಇವನ ಸೋದರಮಾವ ಯಾವುದರಿಂದ ಹೋದರೆಂದು ಮರೆತಿರೇನು?" ಎಂದರು. ಬಾಯಿಯ ಕ್ಯಾನ್ಸರು. ನಾವೇ ಮೋಕ್ಷಧಾಮ ಘಾಟಿಗೆ ಹೋಗಿ ಬಂದಿದ್ದೆವು. ಮರೆತೇ ಹೋಗಿತ್ತು.

ಹುಡುಗ ಕಾಫಿ ಕುಡಿದು ಮುಗಿಸಿ, "ಬೇಡ ಅಂತ ನಿನ್ನೆಯೇ ಹೇಳಿ ಬಂದೆ ಕಾಕಾ. ನೀವು ಏನನ್ನುತ್ತೀರಿ ನೋಡೋಣ ಅಂತ ಕೇಳಿದೆ" ಎಂದ. ನಮಗೆ ಆ ಕ್ಷಣದಲ್ಲಿ ಆದದ್ದನ್ನು ಬರೆಯುವುದಿಲ್ಲ.

ಎರಡನೆಯ ಪತ್ರವನ್ನು ಬರೆದವನು ಅವನೇ. ಮೇಜಿನ ಎದುರಿಗೆ ನಮ್ಮ ಮನೆಯವರು ಕುಳಿತಿದ್ದರು. ನಿವೃತ್ತ ಗಣಿತದ ಮೇಡಂ ಆದ್ದರಿಂದ ಅವರಿಗೆ ವಿಶೇಷಣಗಳೆಂದರೆ ಆಗದು. ‘ಉದಯೋನ್ಮುಖ’ ಹೋಯಿತು. ‘ಸದ್ಗುಣಸಂಪನ್ನ’ ಹೋಯಿತು. ‘ಯಥಾಶಕ್ತಿ’ಯ ಮೇಲೆ ಕೆಂಪು ಗೆರೆ ಬಿತ್ತು. "ಎಷ್ಟು ಬೇಕು ಅಂತ ಹೇಳದಿದ್ದರೆ ಕೊಡುವವನು ಎಷ್ಟು ಕೊಡಬೇಕು ಅಂತ ಹೇಗೆ ತಿಳೀತದೆ?" ಎಂದು ಕೇಳಿದರು. ಕೊನೆಗೆ ಉಳಿದದ್ದು ಒಂದೇ ಪುಟ. ಮೇಲ್ಗಡೆ, ಮೂರು ವರ್ಷದಲ್ಲಿ ಎಲ್ಲೆಲ್ಲಿ ಪಂದ್ಯಕ್ಕೆ ಹೋಗಿದ್ದೆ, ಎಷ್ಟನೆಯವನಾದೆ. ಒಮ್ಮೆ ಕೊನೆಯವನಾದದ್ದೂ ಅದರಲ್ಲಿತ್ತು. ಅದನ್ನು ತೆಗೆಯೋಣವೆಂದು ನಾವು ಸೂಚಿಸಿದೆವು, ನಮ್ಮ ಸೂಚನೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಲೆಕ್ಕ: ಪ್ರವೇಶಧನ 4,000, ಪ್ರಯಾಣ 6,200, ವಸತಿ ಊಟ 7,000, ದಾರ ಕೊಕ್ಕೆ ಕೃತಕ ಎರೆಗಳಿಗೆ 6,300. ಹೊಸ ರೀಲಿನ 8,000 ಮೊದಲು ಇತ್ತು. ಹಳೆಯದನ್ನೇ ಎಣ್ಣೆ ಹಾಕಿ ಸರಿಮಾಡಿಕೊಳ್ಳುತ್ತೇನೆಂದು ಅವನೇ ಹೊಡೆದುಹಾಕಿದ. ಒಟ್ಟು 23,500, ಅದರಲ್ಲಿ 8,000 ತನ್ನದು. ಅದರ ಕೆಳಗೆ, ತಾನು ಏನು ಕೊಡಬಲ್ಲೆ. ಈ ಸಾಲಿಗೆ ಬಂದಾಗ ಲೇಖನಿ ಬಹಳ ಹೊತ್ತು ನಿಂತಿತು. ಗೆದ್ದುಬರುತ್ತೇನೆ ಎಂದು ಬರೆಯಲಾಗದು. ಗೆಲುವು ಮೀನಿನ ಕೈಯಲ್ಲಿದೆ, ಮೀನಿಗೆ ಕೈಯಿಲ್ಲ. ಕೊನೆಗೆ ಬರೆದದ್ದು: ಹೆಸರು ಬೇಕಾದರೆ ಅಂಗಿಯ ಮೇಲೆ, ಭಾವಚಿತ್ರಗಳು, ಹದಿನೈದು ದಿನದೊಳಗೆ ರಸೀದಿ ಸಮೇತ ಲೆಕ್ಕ, ಮತ್ತು ಅವರು ಹೇಳಿದ ಕಡೆ ಆರು ಭಾನುವಾರ ಮಕ್ಕಳಿಗೆ ಪಾಠ. ಕಟ್ಟಕಡೆಗೆ ಒಂದು ಸಾಲು: ತಂಬಾಕು, ಮದ್ಯ, ಜೂಜಿನ ವ್ಯವಹಾರದವರಿಂದ ಹಣ ಪಡೆಯುವುದಿಲ್ಲ.

ಆ ಕೊನೆಯ ಸಾಲನ್ನು ಕಂಡು ನಾವು, ಬೇಡುವವನಿಗೆ ಇಷ್ಟು ಬಿಂಕವೇಕೆ ಎಂದುಕೊಂಡೆವು. ಈಗ ಹಾಗೆನ್ನಿಸುವುದಿಲ್ಲ. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕಾಯಿದೆ ನಿಷೇಧಿಸಿದಾಗ, ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿನ ಹೆಸರೇ ರಾತ್ರೋರಾತ್ರಿ ಅಳಿಸಿಹೋಯಿತಲ್ಲ.

ಅಂಗಿಯ ಮಾತು ಬಂತು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಆಟಗಾರರ ಅಂಗಿಯ ಮೇಲೆ ಕನ್ನಡದ ಅಕ್ಷರಗಳಲ್ಲಿ ‘ನಂದಿನಿ’ ಎಂದಿದ್ದುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನಮ್ಮ ಹಾಲು ಮಹಾಮಂಡಲದವರು ಸ್ಕಾಟ್ಲೆಂಡ್, ಐರ್ಲೆಂಡ್ ಎರಡು ತಂಡಗಳಿಗೂ ಪ್ರಾಯೋಜಕರಾಗಿದ್ದರು. ನಮ್ಮ ಮೊಮ್ಮಗಳು ಟೀವಿಯ ಮುಂದೆ ಅಕ್ಷರ ಕೂಡಿಸಿ ಓದಿ ಕುಣಿದಳು. ಅಷ್ಟು ದೂರದ ದೊಡ್ಡ ಆಟಕ್ಕೆ ಹೋಗುವ ಹಣ ಹತ್ತಿರದ ಸಣ್ಣ ಆಟಕ್ಕೆ ಬರುವುದಿಲ್ಲವೇಕೆಂದು ಹುಡುಗ ಕೇಳಿದ. ಅಲ್ಲಿ ಕೋಟಿ ಕಣ್ಣುಗಳಿವೆ, ನಿನ್ನ ದಂಡೆಯಲ್ಲಿ ನಾಲ್ಕು ಏಡಿಗಳಿವೆ ಎಂದೆವು. ಅಮೆರಿಕದಲ್ಲಿ ಮಾತ್ರ ಗಾಳಕ್ಕೂ ಕಣ್ಣುಗಳನ್ನು ಸೇರಿಸಿದ ಒಬ್ಬನಿದ್ದ. ರೇ ಸ್ಕಾಟ್ ಎಂಬ ಅಲಬಾಮದ ವಿಮಾ ಏಜೆಂಟ್; 1967ರಲ್ಲಿ ಮೊದಲ ಪಂದ್ಯ ನಡೆಸಿ, ಮರುವರ್ಷ ಸಂಘ ಕಟ್ಟಿ, ದೋಣಿ ಮಾಡುವವರು, ಎಂಜಿನ್ ಮಾಡುವವರನ್ನೆಲ್ಲ ಅದರ ಸುತ್ತ ತಂದು ನಿಲ್ಲಿಸಿದ. 1972ರಿಂದ ಹಿಡಿದ ಮೀನನ್ನು ಬಿಡಬೇಕೆಂದು ಸಾರಿದವನೂ ಅವನೇ. ಹಣ ಕೊಡುವವರಿಗೂ ಮುಂದಿನ ವರ್ಷ ಕೆರೆಯಲ್ಲಿ ಮೀನಿರಬೇಕಲ್ಲ!

ನಮಗೆ ಹೆಚ್ಚು ಹಿಡಿಸಿದ್ದು ಮಾತ್ರ ನಮ್ಮ ನಾಗಪುರದ ನಂಟಿರುವ ಒಂದು ಹಳೆಯ ಕಥೆ. ಗಾಂಧಿಸಾಗರ ಕೆರೆಯ ಹತ್ತಿರ ಈಗ ಎಂಪ್ರೆಸ್ ಮಾಲ್ ಇದೆಯಲ್ಲ, ಅಲ್ಲಿ ಹಿಂದೆ ಜಮ್‌ಶೇಟ್‌ಜಿ ಟಾಟಾ 1877ರಲ್ಲಿ ತೆರೆದ ಎಂಪ್ರೆಸ್ ಗಿರಣಿ ಇತ್ತು. ಅವರ ಹಿರಿಯ ಮಗ ದೊರಾಬ್ಜಿ ಆ ಗಿರಣಿಯಲ್ಲಿ ಕೆಲವು ಕಾಲ ಕೆಲಸ ಮಾಡಿದವರು. ಮುಂದೆ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೆಗಳಿಗೆ ಅಧ್ಯಕ್ಷರಾಗಿ ಹೋದಾಗ, ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ನೋಡಿ, ಇವರು ಒಲಿಂಪಿಕ್‌ನಲ್ಲಿ ಓಡಬಲ್ಲರು ಎಂದು ಅವರಿಗೆ ಅನ್ನಿಸಿತು. ಕೈಯಿಂದ ಹಣ ಹಾಕಿ, ಉಳಿದವರಿಂದಲೂ ಕೂಡಿಸಿ, 1920ರಲ್ಲಿ ಆಂಟ್‌ವರ್ಪಿಗೆ ಒಂದು ಚಿಕ್ಕ ತಂಡವನ್ನು ಕಳುಹಿಸಿದರು. ಅದರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು. ಪದಕವಿಲ್ಲ. ಪ್ರಯೋಜನದ ಲೆಕ್ಕ ಹಾಕಿದರೆ ಆ ಹಣ ನೀರಿಗೆ ಹೋದಂತೆಯೇ. ಆದರೂ ದೊರಾಬ್ಜಿ ಕೈಬಿಡಲಿಲ್ಲ. 1927ರಲ್ಲಿ ಭಾರತ ಒಲಿಂಪಿಕ್ ಸಂಸ್ಥೆ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. ಇನ್ನೂ ಒಂದು ವಿಚಿತ್ರ ಕೇಳಿ: ಅದೇ ಟಾಟಾ ಸಮೂಹದ ವಿದ್ಯುತ್ ಕಂಪನಿಯವರು ಲೋಣಾವಳದ ವಳವಣ ಕೆರೆಯ ಬಳಿ 1970ರ ದಶಕದಿಂದ ಮಹಶೀರ್ ಮರಿಗಳನ್ನು ಸಾಕಿ ನದಿಗಳಿಗೆ ಬಿಡಿಸುತ್ತ ಬಂದಿದ್ದಾರೆ. ಓಟಗಾರನೂ ಮೀನೂ ಒಂದೇ ಹೆಸರಿನ ಖಾತೆಯಲ್ಲಿ!

ಹತ್ತೊಂಬತ್ತನೆಯ ಸ್ಥಾನದ ಕಥೆ ಕೇಳಿದ ಮೇಲೆ ಹುಡುಗ ತನ್ನ ಪತ್ರವನ್ನು ಇನ್ನೊಮ್ಮೆ ಓದಿ ಸಹಿ ಹಾಕಿದ. ಈ ಸಲ ಹದಿನಾಲ್ಕಿಲ್ಲ, ನಾಲ್ಕೇ ಕಡೆಗೆ, ಅದೂ ಕೈಯಾರೆ ಒಯ್ದು ಕೊಟ್ಟ. ಗಾಳದ ಸಾಮಾನಿನ ಅಂಗಡಿಯವರು ಹಣ ಕೊಡಲಾರೆ, ಸಾಮಾನನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದರು. ಭಂಡಾರಾ ಕಡೆಯ ಒಂದು ಮಾಲ್ಗುಜಾರಿ ಕೆರೆಯಲ್ಲಿ ಇವನು ಅಭ್ಯಾಸ ಮಾಡುವುದು. ಆ ಕೆರೆ ಗುತ್ತಿಗೆ ಹಿಡಿದಿರುವ ಮೀನುಗಾರರ ಸಹಕಾರಿ ಸಂಘದ ಹಿರಿಯರು ಪತ್ರವನ್ನು ಓದಿಸಿ ಕೇಳಿ, ಪಂದ್ಯದವರೆಗೆ ದಿನಾ ಬಾ, ನಿನ್ನಿಂದ ಶುಲ್ಕ ಬೇಡ ಎಂದರು. ಹೊಟ್ಟೆಪಾಡಿಗೆ ಬಲೆ ಬೀಸುವವರು ಆಟಕ್ಕೆ ಗಾಳ ಹಾಕುವವನಿಗೆ ಪೋಷಕರಾದದ್ದನ್ನು ನಮ್ಮ ಸಮಿತಿಯವರು ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇವೆ.

ಮೂರನೆಯವರು ಕುಂದಾಪುರ ಕಡೆಯ ಹೋಟೆಲಿನ ಯಜಮಾನರು. ಅಪ್ಪಟ ಶಾಕಾಹಾರಿ ಹೋಟೆಲು. ಪತ್ರವನ್ನು ಎರಡು ಸಲ ಓದಿ, ಲೆಕ್ಕದ ಮೇಲೆ ಬೆರಳಿಟ್ಟು ಕೂಡಿಸಿ ನೋಡಿ, ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ 13,000 ರೂಪಾಯಿ ಕೊಟ್ಟರು. "ಅಂಗಿಯ ಮೇಲೆ ನಮ್ಮ ಹೆಸರು ಮಾತ್ರ ಬೇಡ ಮಾರಾಯ. ಮೀನು ಹಿಡಿಯುವವನ ಬೆನ್ನ ಮೇಲೆ ನಮ್ಮ ಹೋಟೆಲಿನ ಬೋರ್ಡು ಕಂಡರೆ ಗಿರಾಕಿಗಳು ಸಾಂಬಾರಿನಲ್ಲಿ ಹುಡುಕಿಯಾರು!" ಎಂದರು. ಹಾಗಾದರೆ ತಮಗೇನು ಬೇಕು ಎಂದು ಹುಡುಗ ಕೇಳಿದನಂತೆ. ಅವರು ಗಲ್ಲೆಯ ಹಿಂದೆ ಮೊಬೈಲಿನಲ್ಲಿ ಮುಳುಗಿದ್ದ ತಮ್ಮ ಹನ್ನೆರಡು ವರ್ಷದ ಮಗನನ್ನು ತೋರಿಸಿ, "ಆರು ಭಾನುವಾರ ಇವನನ್ನು ಕರೆದುಕೊಂಡು ಹೋಗು. ಅದರಿಂದ ಕಣ್ಣೆತ್ತುವ ಹಾಗೆ ಮಾಡು, ಸಾಕು" ಎಂದರು. ನಾಲ್ಕನೆಯ ಕಡೆಯಿಂದ ಉತ್ತರವಿಲ್ಲ.

ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಘಟ್ಟವಿಳಿದು ಮಂಗಳೂರಿಗೆ ಹೋದ. ಬಿಳಿಯ ಕೊಳವೆಯನ್ನು ನೋಡಿ ಟಿಕೆಟ್ ಪರೀಕ್ಷಕರು ಎರಡು ಕಡೆ ಬಿಚ್ಚಿಸಿದರಂತೆ. ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಅಲೆಯ ಮುಂದೆ ನಿಂತರೂ ಒಂದೂ ಕಚ್ಚಲಿಲ್ಲ. ಎರಡನೆಯ ದಿನ ಒಂದು ಮೀನು, 43 ಸೆಂಟಿಮೀಟರು. ಅಳೆಯುವ ಹಲಗೆಯ ಮೇಲಿಟ್ಟು, ಚಿತ್ರ ತೆಗೆಸಿ, ನೀರಿಗೆ ಬಿಟ್ಟ. ಹನ್ನೊಂದನೆಯ ಸ್ಥಾನ. ಬರುವ ದಾರಿಯಲ್ಲಿ ಹೊನ್ನಾವರದಲ್ಲಿ ಅಜ್ಜಿಯ ಮನೆಗೆ ಹೋದರೆ, "ಸಿಕ್ಕಿದ್ದನ್ನ ಬಿಟ್ಟು ಬಂದ್ಯಾ? ಹುಚ್ಚು ಹಿಡೀತೇನ ನಿಂಗೆ?" ಎಂದು ಅಜ್ಜಿ ಬೈದರಂತೆ. ನಮ್ಮ ಖಜಾಂಚಿಗಳಿಗೂ ಆ ಅಜ್ಜಿಗೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯ.

ಹನ್ನೆರಡನೆಯ ದಿನ ಹೋಟೆಲಿಗೆ ಹೋಗಿ ರಸೀದಿಗಳನ್ನು ಪಿನ್ನು ಹಾಕಿ ಯಜಮಾನರ ಮುಂದಿಟ್ಟು, ಉಳಿದ 1,750 ರೂಪಾಯಿಯನ್ನು ಎಣಿಸಿ ಹಿಂದಕ್ಕೆ ಕೊಟ್ಟ. ಎರಡು ದಿನ ಸಂಬಂಧಿಕರ ಮನೆಯಲ್ಲಿ ಇಳಿದುಕೊಂಡದ್ದರಿಂದ ವಸತಿಯಲ್ಲಿ ಉಳಿತಾಯವಾಗಿತ್ತು. ಯಜಮಾನರು ನಲವತ್ತು ವರ್ಷದಿಂದ ನಾಗಪುರದಲ್ಲಿ ಗಣೇಶೋತ್ಸವಕ್ಕೆ, ನಾಟಕಕ್ಕೆ, ಜಾತ್ರೆಗೆ, ನಮ್ಮ ಸಂಘಕ್ಕೆ ದೇಣಿಗೆ ಕೊಡುತ್ತ ಬಂದವರು. ಕೊಟ್ಟದ್ದರಲ್ಲಿ ಉಳಿದದ್ದು ಹಿಂದಕ್ಕೆ ಬಂದದ್ದು ಇದೇ ಮೊದಲೆಂದು ಮರುದಿನ ನಮಗೆ ಫೋನು ಮಾಡಿ ಹೇಳಿದರು. ಸಂಘದ ಪದಾಧಿಕಾರಿಗಳಲ್ಲಿ ಒಬ್ಬರಾದ ನಮಗೆ ಆ ಹೊಗಳಿಕೆಯಲ್ಲಿ ಇದ್ದ ಚುರುಕು ತಟ್ಟದೆ ಇರಲಿಲ್ಲ.

ಈಗ ನಾಲ್ಕು ಭಾನುವಾರ ಮುಗಿದಿವೆ. ಹೋಟೆಲಿನ ಹುಡುಗನ ಜೊತೆಗೆ ನಮ್ಮ ಮೊಮ್ಮಗಳೂ ಹೋಗುತ್ತಾಳೆ. ಗಂಟೆಗಟ್ಟಲೆ ಮಾತಿಲ್ಲದೆ ಕೂರುವುದು ಅವಳಿಗೆ ಹೇಗೆ ಬಂತೆಂದು ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. ಮರಾಠಿಯಲ್ಲಿ ಮರಳ ಎನ್ನುವ ಹಾವುತಲೆಯ ಮೀನು ಮರಿಗಳನ್ನು ಹೇಗೆ ಕಾಯುತ್ತದೆಂದು ನಮಗೆ ಪಾಠ ಹೇಳುತ್ತಾಳೆ. ಬಿಳಿಯ ಕೊಳವೆ ಈಗ ನಮ್ಮ ಜಗಲಿಯ ಮೂಲೆಯಲ್ಲಿಯೇ ಇರುತ್ತದೆ. ಹುಡುಗನ ಮನೆಯಲ್ಲಿ ಜಾಗವಿಲ್ಲ. ಮೊನ್ನೆ ನಿಜವಾದ ನಲ್ಲಿ ರಿಪೇರಿಯವನು ಕೊನೆಗೂ ಬಂದಾಗ ಅದನ್ನೇ ಎತ್ತಿಕೊಂಡು ಬಚ್ಚಲಿಗೆ ಹೊರಟಿದ್ದ. ನಮ್ಮ ಮನೆಯವರು ಕೂಗಿ ತಡೆದರು.

ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಐದನೆಯದಾಗಿ, ಸಂಘದ ಮಕ್ಕಳಲ್ಲಿ ಯಾವ ಆಟವನ್ನಾದರೂ ಆಡುವವರಿಗೆ ವರ್ಷಕ್ಕೆ ಇಪ್ಪತ್ತೈದು ಸಾವಿರ ರೂಪಾಯಿಯ ಒಂದು ನಿಧಿ ಎಂದು ನಾವು ಬರೆದುಕೊಟ್ಟಿದ್ದೇವೆ. ಪತ್ರ ಒಂದೇ ಪುಟ. ಖಜಾಂಚಿಗಳು ಅದನ್ನು ನೋಡಿ, "ಮತ್ತೆ ಮೀನೇನೋ?" ಎಂದು ನಕ್ಕರು. ಈ ಸಲ ನಾವು ನಗಲಿಲ್ಲ. ಸಭೆ ಬರುವ ತಿಂಗಳ ಎರಡನೆಯ ಭಾನುವಾರ, ಸಂಜೆ ಐದಕ್ಕೆ. ಊಟದ ಹೊತ್ತಿಗೆ ಮುಂಚೆ.